ಕಟ್ಟು ಬಿಚ್ಚದ ಭಕ್ತಿ



ಕಳೆದ ಶ್ರಾವಣದ ಒಂದು ಸಂಜೆಯಿಂದ ಈ ಬರಹ ಆರಂಭಿಸುತ್ತೇನೆ. ನಮ್ಮ ಸೀಮೆಯ ಮಠವೊಂದರಲ್ಲಿ ತಿಂಗಳ ಪ್ರವಚನ ನಡೆದಿತ್ತು. ಮಠದ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಇದು ಒಂದೇ ಮಠದ ಕತೆಯಲ್ಲ. ಅಂದಿನ ವಿಷಯ ಶರಣರ ವೈಚಾರಿಕತೆ. ಪ್ರವಚನಕಾರರು ಒಂದೂವರೆ ತಾಸು ಸೊಗಸಾಗಿ ಮಾತನಾಡಿದರು. ಶರಣರು ಯಜ್ಞಯಾಗ ಬೇಡವೆಂದರು, ಶಕುನ ಮುಹೂರ್ತಗಳನ್ನು ತಳ್ಳಿದರು, ಪ್ರಶ್ನೆ ಕೇಳುವುದನ್ನು ಜಗತ್ತಿಗೆ ಕಲಿಸಿದರು ಎಂದು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಮಾತು ಮುಗಿದ ಮೇಲೆ ಹೆಣ್ಣುಮಕ್ಕಳ ಸಾಲಿನಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಪ್ಪಾರ, ಹಂಗಾದ್ರ ನಮ್ಮ ಮನೀ ವಾಸ್ತುಶಾಂತಿಗೆ ಹೋಮ ಯಾಕ ಮಾಡಿಸಿದ್ರು? ನಮ್ಮಕ್ಕನ ಲಗ್ನಕ್ಕ ಪಂಚಾಂಗ ಯಾಕ ತಗಸಿದ್ರು?"

ಸಭೆ ನಕ್ಕಿತು. ಮುಂದಿನ ಸಾಲಿನ ಹಿರಿಯರೊಬ್ಬರು ಹಿಂತಿರುಗಿ, "ಕೂಡ್ ತಂಗಿ, ಇಂಥಾವೆಲ್ಲಾ ಸಭಾದಾಗ ಕೇಳಬಾರದವ್ವ" ಎಂದರು. ಮಂಗಲವಾಯಿತು. ಎಲ್ಲರೂ ಪ್ರಸಾದಕ್ಕೆ ಎದ್ದೆವು. ಆ ಹುಡುಗಿ ಮಾತ್ರ ಪಂಕ್ತಿಯಲ್ಲಿ ಕೂಡದೆ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಎರಡನೆಯ ಸಾಲಿನಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಅಂದು ನುಂಗಿದ ಮಾತನ್ನು ಇಂದು ಬರೆಯುತ್ತಿದ್ದೇನೆ. ಓದುವವರಿಗೆ ಕೆಲವು ಮಾತು ಕಟುವೆನಿಸಬಹುದು. ಮೊದಲ ಏಟು ನನಗೇ ಬೀಳುತ್ತದೆ ಎಂಬುದನ್ನು ನೆನಪಿಟ್ಟು ಓದಬೇಕೆಂದು ಬೇಡುತ್ತೇನೆ.

ಅರಿಯದಿರುವುದು ಬೇರೆ, ಅರಿಯಗೊಡದಿರುವುದು ಬೇರೆ. ಅರಿಯದವನ ಮೇಲೆ ಸಿಟ್ಟು ಸಲ್ಲದು. ಅವನಿಗೆ ಶಾಲೆ ಸಿಕ್ಕಿರಲಿಕ್ಕಿಲ್ಲ, ಪುಸ್ತಕ ಸಿಕ್ಕಿರಲಿಕ್ಕಿಲ್ಲ, ಹೊತ್ತು ಸಿಕ್ಕಿರಲಿಕ್ಕಿಲ್ಲ. ಆದರೆ ಇನ್ನೊಬ್ಬರಿಗೆ ಅರಿವು ದಕ್ಕದಂತೆ ನೋಡಿಕೊಳ್ಳುವವನು ಅಜ್ಞಾನಿಯಲ್ಲ. ಅರಿವಿನ ಬೆಲೆ ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಬೀಗ ಹಾಕುತ್ತಾನೆ. ಸಮಾಜದಲ್ಲಿ ಜ್ಞಾನಕ್ಕೆ ಒಡ್ಡುವ ವಿರೋಧ ಎಂದು ನಾನು ಕರೆಯುವುದು ಈ ಬೀಗ ಹಾಕುವ ಕೆಲಸವನ್ನು.

ಹನ್ನೆರಡನೆಯ ಶತಮಾನದಲ್ಲಿ ಈ ಬೀಗ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಶಾಸ್ತ್ರ ಒಂದು ಭಾಷೆಯಲ್ಲಿತ್ತು, ಜನ ಇನ್ನೊಂದು ಭಾಷೆಯಲ್ಲಿ ಬದುಕುತ್ತಿದ್ದರು. ಶೂದ್ರನಿಗೆ, ಹೆಣ್ಣಿಗೆ, ಊರ ಹೊರಗಿನವನಿಗೆ ವೇದದ ಸೊಲ್ಲು ಕೇಳುವ ಹಕ್ಕೂ ಇರಲಿಲ್ಲ. ಶರಣರು ಆ ಬೀಗ ಒಡೆದದ್ದು ದೊಡ್ಡ ಸಿದ್ಧಾಂತ ಹೇಳಿ ಮಾತ್ರವಲ್ಲ. ಕನ್ನಡದಲ್ಲಿ ಮಾತನಾಡಿ, ಆ ಮಾತನ್ನು ಬರೆದಿಟ್ಟು ಒಡೆದರು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಚರ್ಮ ಹದಗೊಳಿಸುವ ಕಕ್ಕಯ್ಯ, ಅಕ್ಕಿ ಆಯುವ ಲಕ್ಕಮ್ಮ, ಸೂಳೆ ಸಂಕವ್ವೆ, ಕಸ ಗುಡಿಸುವ ಸತ್ಯಕ್ಕ ಇವರೆಲ್ಲ ತಮ್ಮದೇ ಅಂಕಿತವಿಟ್ಟು ವಚನ ಹೇಳಿದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಇಂದು ನಮ್ಮ ಕೈಯಲ್ಲಿವೆ. ಒಂದೇ ಕಾಲದಲ್ಲಿ ಇಷ್ಟು ಹೆಣ್ಣುಮಕ್ಕಳು, ಅದರಲ್ಲೂ ದುಡಿಯುವ ಮನೆಯ ಹೆಣ್ಣುಮಕ್ಕಳು, ತಮ್ಮ ಮಾತನ್ನು ಗ್ರಂಥವಾಗಿಸಿದ ಉದಾಹರಣೆ ಜಗತ್ತಿನಲ್ಲಿ ವಿರಳ. ಅನುಭವ ಮಂಟಪವೆಂದರೆ ಬರೀ ಕೇಳುವವರ ಸಭೆ ಅಲ್ಲ. ಪ್ರಭುದೇವರು ಅಕ್ಕನನ್ನು ಪ್ರಶ್ನಿಸಿದರು, ಅಕ್ಕ ಎದ್ದು ನಿಂತು ಉತ್ತರಿಸಿದಳು. "ಕೂಡ್ ತಂಗಿ" ಎಂದು ಯಾರೂ ಅನ್ನಲಿಲ್ಲ.

ಆ ಬೀಗ ಒಡೆದದ್ದಕ್ಕೆ ಕಲ್ಯಾಣ ತೆತ್ತ ಬೆಲೆ ನಮಗೆಲ್ಲ ಗೊತ್ತು. ಹರಳಯ್ಯ ಮಧುವರಸರಿಗೆ ಎಳೆಹೂಟೆ ಶಿಕ್ಷೆಯಾಯಿತು. ಶರಣರು ಚದುರಿದರು. ಹೋಗುವಾಗ ಬಂಗಾರ ಹೊತ್ತೊಯ್ಯಲಿಲ್ಲ, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರು ಎಂದು ನಮ್ಮ ಪರಂಪರೆ ಹೇಳುತ್ತ ಬಂದಿದೆ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಿಂದ ಮುಂದಕ್ಕೆ, ವಿರಕ್ತರು ಆ ಕಟ್ಟುಗಳನ್ನು ಮತ್ತೆ ಬಿಚ್ಚಿದರು. ಹುಡುಕಿದರು, ಕೂಡಿಸಿದರು, ಟೀಕೆ ಬರೆದರು. ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆ ಕಟ್ಟಿದರು. ಅದೊಂದೇ ಸಾಲದೆಂದು ಮುಂದೆ ಇನ್ನೂ ಮೂವರು ಅದನ್ನು ಮತ್ತೆ ಮತ್ತೆ ಕಟ್ಟಿದರು. ಹಿರಿಯರು ಮಾಡಿದ್ದನ್ನು ತಿದ್ದುವುದು, ಬೆಳೆಸುವುದು ಅವರಿಗೆ ಅಪಚಾರವೆನಿಸಲಿಲ್ಲ.

ಆಮೇಲೆ ಏನಾಯಿತು? ನನ್ನ ಮನೆಯಲ್ಲಿ ಏನಾಯಿತೆಂದು ಹೇಳುತ್ತೇನೆ.

ನಮ್ಮ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದಿತ್ತು. ಮನೆಯವರೆಲ್ಲ ಅದನ್ನು ದೇವರ ಕಟ್ಟು ಎನ್ನುತ್ತಿದ್ದೆವು. ನನ್ನ ಆಯಿ ದಿನವೂ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ ಕೈಮುಗಿಯುತ್ತಿದ್ದಳು. ಶಿವರಾತ್ರಿಗೆ ಹೊಸ ವಸ್ತ್ರ. ಹುಡುಗನಾಗಿದ್ದಾಗ ನಾನೊಮ್ಮೆ ಗಂಟು ಬಿಚ್ಚಲು ಹೋಗಿ ಅಪ್ಪನಿಂದ ಕಪಾಳಕ್ಕೆ ತಿಂದದ್ದು ನೆನಪಿದೆ. ಆಯಿ ಲಿಂಗೈಕ್ಯಳಾದ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಕಟ್ಟು ಇಳಿಸಿ ಬಿಚ್ಚಿದೆವು. ಒಳಗೆ ಹುಡಿ. ಗೆದ್ದಲು ತಿಂದು ಉಳಿಸಿದ ನಾಲ್ಕಾರು ತುಂಡು ಗರಿ, ಅವುಗಳ ಮೇಲೆ ಅರ್ಧರ್ಧ ಅಕ್ಷರ. ಯಾರ ವಚನವೋ, ಯಾವ ಶರಣೆಯ ಅಂಕಿತವೋ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಪ್ರತಿಯೋ ಗೊತ್ತಾಗಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅಪ್ಪ ಅದನ್ನು ಭಕ್ತಿಯಿಂದ ಮಲಪ್ರಭೆಗೆ ಬಿಟ್ಟು ಬಂದ. ಶತ್ರುವೊಬ್ಬ ಬಂದು ಸುಟ್ಟಿದ್ದರೆ ಊರೇ ಎದ್ದು ನಿಲ್ಲುತ್ತಿತ್ತು. ನಾವು ಪೂಜೆ ಮಾಡಿ ಮಾಡಿ ಕೊಂದೆವು. ಒಬ್ಬರ ಕಣ್ಣಲ್ಲೂ ನೀರು ಬರಲಿಲ್ಲ.

ಅದೇ ಜಗಲಿಯ ಮುಂದೆ ಇನ್ನೊಂದು ಕಟ್ಟು ಕಟ್ಟಲಾಯಿತು. ನನ್ನ ಅಕ್ಕ ನಾಲ್ಕನೆಯತ್ತೆಯಲ್ಲಿ ವರ್ಗಕ್ಕೆ ಮೊದಲಿಗಳು. ಅಷ್ಟಕ್ಕೇ ಬಿಡಿಸಿದರು. ಬಿಡಿಸಿದ ಅಪ್ಪ ಕೆಟ್ಟ ಮನುಷ್ಯನಲ್ಲ. ಲಿಂಗಪೂಜೆ ತಪ್ಪಿಸಿದವನಲ್ಲ, ಸುಳ್ಳು ಹೇಳಿದವನಲ್ಲ. ಅಕ್ಕಮಹಾದೇವಿಯ ವಚನ ಹಾಡುವಾಗ ಅವನ ಕಣ್ಣು ತುಂಬುತ್ತಿತ್ತು. ಆ ತುಂಬಿದ ಕಣ್ಣಿನಿಂದಲೇ ಮಗಳಿಗೆ "ಕಲಿತು ಏನ್ ಮಾಡ್ತೀಯವ್ವ, ಮುಸುರೀ ತಿಕ್ಕೋದು ತಪ್ಪತೈತೇನು?" ಎಂದ. ಹದಿನಾರಕ್ಕೆ ಲಗ್ನ. ನೂರಾರು ವಚನ ಬಾಯಲ್ಲಿದ್ದ ಅಕ್ಕ, ಕೊನೆಯವರೆಗೂ ನಾನು ತಂದುಕೊಟ್ಟ ವಚನದ ಪುಸ್ತಕವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ನಾನು ಅವಳ ತಮ್ಮ, ಕನ್ನಡದ ಮಾಸ್ತರ. ಅವಳಿಗಿಂತ ನಾನು ಜಾಣನಾಗಿರಲಿಲ್ಲ, ಗಂಡಾಗಿದ್ದೆ, ಅಷ್ಟೇ.

ಇದು ಹಳೆಯ ಕಾಲದ ಮಾತು ಎನ್ನುವವರಿದ್ದಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಯಾದಗಿರಿ ಜಿಲ್ಲೆಯದು, ನೂರಕ್ಕೆ ಸುಮಾರು 52. ಕಲ್ಯಾಣದ ಹೆಸರು ಹೊತ್ತ ಸೀಮೆಯ ಒಂದು ಜಿಲ್ಲೆಯಲ್ಲಿ ಸುಮಾರಾಗಿ ಪ್ರತಿ ಇಬ್ಬರಲ್ಲಿ ಒಬ್ಬರಿಗೆ ಅಕ್ಷರ ಬಾರದಿತ್ತು ಎಂದರೆ ಬಸವ ಜಯಂತಿಯ ಮೆರವಣಿಗೆಯಲ್ಲಿ ನಾವು ಯಾವ ಮುಖ ಹೊತ್ತು ನಡೆಯಬೇಕು?

ಬೀಗ ಹಾಕುವವರು ಎಂದೂ ತಾವು ಬೀಗ ಹಾಕುತ್ತಿದ್ದೇವೆ ಎನ್ನುವುದಿಲ್ಲ. ಬಹುಜನರ ಹಿತಕ್ಕೆ ಎನ್ನುತ್ತಾರೆ. ನಮ್ಮ ಧಾರವಾಡದ ಒಂದು ಸಂಗತಿ ಕೇಳಿ. 1856ರ ಜೂನ್ ತಿಂಗಳಲ್ಲಿ ಅಲ್ಲಿನ ಸರಕಾರಿ ಶಾಲೆಗೆ ಒಬ್ಬ ಮಹಾರ್ ಬಾಲಕ ಸೇರಲು ಹೋದ. ಎಲ್ಲರಂತೆ ಫೀ ಕೊಡುತ್ತೇನೆ ಎಂದ. ಸೇರಿಸಲಿಲ್ಲ. ಹುಡುಗ ಸುಮ್ಮನಾಗದೆ ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ಸರಕಾರ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಿನಗೆ ಅನ್ಯಾಯವಾದಂತೆ ಕಾಣುತ್ತದೆ, ಆದರೆ ನಿನ್ನೊಬ್ಬನಿಗಾಗಿ ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟಾರು, ಬಹುಜನರಿಗೆ ಶಾಲೆಯಿಂದ ಉಪಯೋಗವಿಲ್ಲದಂತಾದೀತು. ಮುಂದೆ ಮೇಲಿನ ಸರಕಾರ ಆಕ್ಷೇಪವೆತ್ತಿದ ಮೇಲೆ, ಸರಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲ ವರ್ಗಕ್ಕೂ ತೆರೆದಿವೆ ಎಂದು 1858ರಲ್ಲಿ ಮುಂಬಯಿ ಸರಕಾರ ಸಾರಬೇಕಾಯಿತು. ಬಾಗಿಲು ಕಾಗದದ ಮೇಲೆ ತೆರೆಯಿತು. ಬೆಂಚಿನ ಮೇಲೆ ಜಾಗ ಸಿಗಲು ಇನ್ನೂ ಎಷ್ಟೋ ವರ್ಷ ಬೇಕಾದವು. ಹರಳಯ್ಯನ ಕತೆ ಕೇಳಿ ಕಣ್ಣೊರೆಸಿಕೊಳ್ಳುವ ನಾಡಿನಲ್ಲೇ ಇದು ನಡೆದದ್ದು. ಪುಣೆಯಲ್ಲಿ 1848ರಿಂದ ಹೆಣ್ಣುಮಕ್ಕಳಿಗೆ ಕಲಿಸಲು ಹೊರಟ ಸಾವಿತ್ರಿಬಾಯಿ ಫುಲೆಯವರ ಮೇಲೆ ಸಗಣಿ ಎಸೆದವರೂ ಧರ್ಮ ಉಳಿಸುತ್ತಿದ್ದೇವೆ ಎಂದೇ ಎಸೆದರು.

ಇಷ್ಟೆಲ್ಲ ಹೇಳಿ ನಮ್ಮ ಸಮಾಜದ ದೊಡ್ಡ ಕೆಲಸವನ್ನು ಮರೆತರೆ ನಾನು ಕೃತಘ್ನನಾದೇನು. ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಸಂಬಳದ ಆಸೆ ಬಿಟ್ಟು ಶಾಲೆ ಕಟ್ಟಿದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರ ಸಾವಿರ ಮಕ್ಕಳಿಗೆ ಅನ್ನದ ಜೊತೆ ಅಕ್ಷರವಿಕ್ಕಿದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ.

ಫ.ಗು. ಹಳಕಟ್ಟಿಯವರ ಹೆಸರು ಬೇರೆಯಾಗಿಯೇ ಹೇಳಬೇಕು. ನನ್ನ ಮನೆಯಲ್ಲಿದ್ದಂಥ ಕಟ್ಟುಗಳಿಗಾಗಿ ಮನೆಮನೆ, ಮಠಮಠ ಅಲೆದವರು ಅವರು. ವಿಜಯಪುರದಲ್ಲಿ ವಕೀಲರು, ಬೇಕಾದಷ್ಟು ಗಳಿಸಬಹುದಿತ್ತು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದರು. ಇದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ಬಿಚ್ಚದಿದ್ದರೆ ಇಂದು ಪ್ರವಚನಕ್ಕೆ ನಮ್ಮ ಬಾಯಲ್ಲಿ ಮಾತೇ ಇರುತ್ತಿರಲಿಲ್ಲ. ಕೆಂಪು ವಸ್ತ್ರದ ಕಟ್ಟಿಗೆ ಹೂವೇರಿಸಿದ್ದೂ ಭಕ್ತಿ, ಅದನ್ನು ಬಿಚ್ಚಿ ಅಚ್ಚು ಹಾಕಿಸಿದ್ದೂ ಭಕ್ತಿ. ಯಾವ ಭಕ್ತಿ ವಚನವನ್ನು ಉಳಿಸಿತು ಎಂಬುದನ್ನು ನೀವೇ ಹೇಳಿ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕತೆ ನಮ್ಮ ಮಕ್ಕಳಿಗೆ ಪಾಠವಾಗಬೇಕು. ನಿಜಾಮನ ಆಡಳಿತದಲ್ಲಿ ಶಿಕ್ಷಣವೆಲ್ಲ ಉರ್ದುವಿನಲ್ಲಿ. ಕನ್ನಡ ಶಾಲೆಗೆ ದಾರಿಯಿರಲಿಲ್ಲ. ಪಟ್ಟದ್ದೇವರು ಬಾಗಿಲ ಮೇಲೆ ಉರ್ದು ಫಲಕ ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅರಿವಿಗೆ ಅಡ್ಡ ನಿಂತ ಒಂದು ರಾಜ್ಯವನ್ನೇ ಒಂದು ಮಠ ಜಾಣತನದಿಂದ ದಾಟಿತು.

ಶರಣಬಂಧುಗಳೇ, ಈಗ ನಮ್ಮ ಫಲಕಗಳನ್ನು ನೋಡಿಕೊಳ್ಳೋಣ. ಪಟ್ಟದ್ದೇವರ ಬಾಗಿಲಲ್ಲಿ ಹೊರಗೆ ಬೇರೆಯದರ ಫಲಕ, ಒಳಗೆ ನಮ್ಮದರ ಪಾಠ. ಇಂದು ಎಷ್ಟೋ ಕಡೆ ಹೊರಗೆ ಬಸವಣ್ಣನವರ, ಅಕ್ಕನ, ಪ್ರಭುದೇವರ ಫಲಕ. ಒಳಗೆ? ಕೂಲಿಯವನ ಮಗ ಒಳಗೆ ಕಾಲಿಡಲಾಗದಷ್ಟು ಡೊನೇಷನ್. ದಾಸೋಹದ ಹೆಸರಿನಲ್ಲಿ ಪ್ರಸಾದ ಉಚಿತ, ಕಾಯಕಜೀವಿಯ ಮಗಳಿಗೆ ಸೀಟು ಮಾತ್ರ ದುಬಾರಿ. ದುಡ್ಡಿನ ಮಾತು ಬಿಡಿ. ಆ ಕಾಲೇಜಿನಲ್ಲಿ ಕಲಿತು ಬಂದ ಇಂಜಿನಿಯರು ಹೊಸ ಕಾರಿಗೆ ನಿಂಬೆಹಣ್ಣು ಕಟ್ಟುತ್ತಾನೆ, ಕಲಿತ ಡಾಕ್ಟರು ರಾಹುಕಾಲ ನೋಡಿ ಹೊರಗೆ ಹೆಜ್ಜೆ ಇಡುತ್ತಾನೆ. ಪದವಿ ಕೊಟ್ಟೆವು, ಕೇಳುವ ಧೈರ್ಯ ಕೊಡಲಿಲ್ಲ. ಶಾಲೆ ಕಟ್ಟಿದ ಕೈಯೇ ಅರಿವಿಗೆ ಬೀಗ ಹಾಕಬಲ್ಲದು ಎಂಬುದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಅಂದು ಮಠದಲ್ಲಿ ಆ ಹುಡುಗಿಯನ್ನು ಕೂಡಿಸಿದ ಹಿರಿಯರು ಅನಕ್ಷರಸ್ಥರಲ್ಲ, ಪದವೀಧರರು. ನಕ್ಕವರಲ್ಲಿ ಮಾಸ್ತರರೂ ಇದ್ದರು.

ಬೀಗ ಹಾಕುವ ಈ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ನಮ್ಮ ಕಣ್ಣೆದುರಿಗೇ ಡಾ. ಎಂ.ಎಂ. ಕಲಬುರ್ಗಿಯವರ ಬದುಕಿದೆ. ಕರ್ನಾಟಕ ಸರಕಾರ ತಂದ ಸಮಗ್ರ ವಚನ ಸಂಪುಟಗಳ ಹದಿನೈದು ಹೊತ್ತಿಗೆಗಳ ಹಿಂದೆ ಪ್ರಧಾನ ಸಂಪಾದಕರಾಗಿ ನಿಂತವರು ಅವರು. ಬಸವಾದಿ ಶರಣರ ಕುರಿತು ಅವರಷ್ಟು ದುಡಿದವರು ಹಳಕಟ್ಟಿಯವರ ನಂತರ ವಿರಳ. ಅವರ ಮಾರ್ಗ ಸಂಪುಟದಲ್ಲಿ ಚನ್ನಬಸವಣ್ಣನವರ ಕುರಿತು ಬರೆದ ಕೆಲವು ಮಾತಿಗಾಗಿ 1989ರಲ್ಲಿ ಸಮಾಜದ ಒಳಗಿನಿಂದಲೇ ದೊಡ್ಡ ಗುಲ್ಲೆದ್ದಿತು. ಸಂಶೋಧನೆಯ ಮಾತಿಗೆ ಸಂಶೋಧನೆಯಿಂದ ಉತ್ತರ ಕೊಡಬಹುದಿತ್ತು. ತಪ್ಪಿದ್ದರೆ ಆಧಾರ ತೋರಿಸಿ ತಿದ್ದಬಹುದಿತ್ತು. ನಾವು ಆ ದಾರಿ ಹಿಡಿಯಲಿಲ್ಲ. ಬರೆದದ್ದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದೆವು. ಮನೆಯವರ ಜೀವಕ್ಕೆ ಹೆದರಿ ಅವರು ಹಿಂತೆಗೆದುಕೊಂಡರು, ಆ ದಿನವನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯ ದಿನವೆಂದು ಕರೆದುಕೊಂಡರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆ ಬಾಗಿಲಲ್ಲಿ ಗುಂಡು ಹಾರಿತು. ಗುಂಡು ಹಾರಿಸಿದವರ ವಿಚಾರ ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನನ್ನು ಕಾಡುವುದು ಅದಕ್ಕೂ ಇಪ್ಪತ್ತಾರು ವರ್ಷ ಹಿಂದಿನ ಮಾತು. ಬರೆದವನ ಬಾಯಿ ಮುಚ್ಚಿಸಬಹುದು, ಮುಚ್ಚಿಸಿದರೆ ಸಮಾಜ ತಲೆದೂಗುತ್ತದೆ ಎಂಬ ಪಾಠವನ್ನು ಈ ನಾಡಿಗೆ ಮೊದಲು ಕಲಿಸಿದವರಲ್ಲಿ ನಾವೂ ಇದ್ದೆವು. ಆಗ ನಾನು ನೌಕರಿಯಲ್ಲಿದ್ದೆ. ಸ್ಟಾಫ್ ರೂಮಿನಲ್ಲಿ "ಇವರಿಗ್ಯಾಕ ಬೇಕಿತ್ತು ಇದೆಲ್ಲಾ" ಎಂದವರ ಜೊತೆ ನಾನೂ ತಲೆಯಾಡಿಸಿದ್ದೆ. ಪುಸ್ತಕವನ್ನು ನಾನಿನ್ನೂ ಓದಿರಲಿಲ್ಲ.

ಬೀಗ ಕಾಯುವವರ ವಾದಗಳನ್ನೂ ನೋಡೋಣ.

ಭಕ್ತಿಗೆ ಓದು ಯಾಕೆ, ಶರಣರಲ್ಲಿ ಎಷ್ಟೋ ಜನ ಓದಿದವರೇ ಅಲ್ಲ ಎನ್ನುತ್ತಾರೆ. ಅವರು ಗುರುಕುಲಕ್ಕೆ ಹೋಗಲಿಲ್ಲ ನಿಜ, ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಅವರಿಗೆ ಮಂಟಪವಿತ್ತು. ಅಲ್ಲಿ ಅವರ ಮಾತನ್ನು ಕೇಳುವವರಿದ್ದರು, ಬರೆದಿಡುವವರಿದ್ದರು. ಇಂದು ಓದಬೇಡ ಎನ್ನುವವರು ಮಾತನಾಡಬೇಡ ಎಂದೂ ಹೇಳುತ್ತಾರೆ.

ಹೆಚ್ಚು ಪ್ರಶ್ನೆ ಕೇಳಿದರೆ ಶ್ರದ್ಧೆ ಹಾಳಾಗುತ್ತದೆ ಎನ್ನುತ್ತಾರೆ. ಪ್ರಶ್ನೆ ತಾಳದ ಶ್ರದ್ಧೆ ಮೊದಲೇ ಗೆದ್ದಲು ಹಿಡಿದ ಕಟ್ಟು. ವಸ್ತ್ರ ಕೆಂಪಗಿದೆ, ಒಳಗೆ ಹುಡಿ ಇದೆ. ಬಿಚ್ಚಿದ್ದಕ್ಕೆ ಹುಡಿಯಾಯಿತೆಂದು ಬಿಚ್ಚಿದವನನ್ನು ಬೈದು ಏನು ಫಲ?

ಕಲಿತ ಮಕ್ಕಳೇ ಬೆಂಗಳೂರು, ಅಮೆರಿಕ ಸೇರಿ ಲಿಂಗ ಕಟ್ಟುವುದನ್ನು ಬಿಟ್ಟರು ಎಂಬುದು ಮೂರನೆಯ ವಾದ. ಇದರಲ್ಲಿ ನೋವಿದೆ, ನನಗೆ ಅರ್ಥವಾಗುತ್ತದೆ. ನನ್ನ ಮಗನೂ ಕಟ್ಟುವುದಿಲ್ಲ. ಒಮ್ಮೆ ಅವನನ್ನೇ ಕೇಳಿದೆ. "ಯಾಕ ಕಟ್ಟಕೋಬೇಕಂತ ಸಣ್ಣವಿದ್ದಾಗ ಕೇಳಿದ್ದೆ, ಅಪ್ಪ. ನೀವು ಬೈದ್ರಿ" ಎಂದ. ಇಷ್ಟಲಿಂಗವೆಂದರೆ ಅರಿವಿನ ಕುರುಹು ಎಂದು ವರ್ಗದಲ್ಲಿ ಬೇರೆಯವರ ಮಕ್ಕಳಿಗೆ ಹೇಳಿಕೊಟ್ಟ ನಾನು, ಮನೆಯಲ್ಲಿ ಕೇಳಿದ ಮಗನಿಗೆ ಬೈಗುಳ ಕೊಟ್ಟಿದ್ದೆ. ಓದಿನಿಂದ ಅವನು ದೂರವಾಗಲಿಲ್ಲ, ಉತ್ತರ ಸಿಗದೆ ದೂರವಾದ.

ಇನ್ನು ಇತ್ತೀಚಿನ ವಾದ, ಭಾವನೆಗೆ ಧಕ್ಕೆ. ಪುಸ್ತಕ ಓದದವರ ಭಾವನೆಗೆ ಪುಸ್ತಕದಿಂದ ಧಕ್ಕೆಯಾಗುವುದು ನಮ್ಮ ಕಾಲದ ವಿಚಿತ್ರ. ಮೊಬೈಲಿನಲ್ಲಿ ಯಾರೋ ಕಳಿಸಿದ ನಾಲ್ಕು ಸಾಲು ನೋಡಿ ಲೇಖಕನ ಮನೆಗೆ ಹೋಗಿ ಕೂಗುವವರಿಗೆ ನಾನು ಕೇಳುವುದು ಒಂದೇ: ಎಷ್ಟನೆಯ ಪುಟ, ಹೇಳಿ. ಶರಣರ ಮಾತಿನಿಂದ ಕಲ್ಯಾಣದಲ್ಲಿ ಎಷ್ಟು ಜನರ ಭಾವನೆಗೆ ಧಕ್ಕೆಯಾಯಿತು ಎಂಬುದನ್ನು ಇವರು ಒಮ್ಮೆ ಎಣಿಸಲಿ. ಮೌಢ್ಯ ತಡೆಯುವ ಕಾಯಿದೆ ತರುವಾಗಲೂ ಇದೇ ಕೂಗೆದ್ದಿತ್ತು. 2017ರಲ್ಲಿ ವಿಧಾನಮಂಡಲ ಒಪ್ಪಿ 2020ರಲ್ಲಿ ಜಾರಿಗೆ ಬಂದ ಆ ಕಾಯಿದೆ ಮಡೆಸ್ನಾನದಂಥ ಅಮಾನುಷ ಆಚರಣೆಗಳನ್ನು ನಿಷೇಧಿಸಿತು. ಜ್ಯೋತಿಷ್ಯ, ವಾಸ್ತುಗಳನ್ನು ಹೊರಗೇ ಬಿಟ್ಟಿತು. ಕಾಯಿದೆ ಮುಟ್ಟಲಾರದ ಕೆಲಸವನ್ನು ಮಾಡಬೇಕಾದವರು ನಾವು. ಎಂಟುನೂರು ವರ್ಷಗಳಿಂದ ನಮ್ಮ ಕೈಯಲ್ಲಿ ಆ ಕೆಲಸವಿದೆ.

ದೂರು ಸಾಕು. ಬೇಡಿಕೆ ಹೇಳಿ ಮುಗಿಸುತ್ತೇನೆ. ಮಠಾಧೀಶರಲ್ಲಿ ಪಾದಮುಟ್ಟಿ, ಸಮಾಜದ ಹಿರಿಯರಲ್ಲಿ ಕೈಮುಗಿದು ಬೇಡುತ್ತೇನೆ.

ಮಠಗಳಲ್ಲಿ, ಮನೆಗಳಲ್ಲಿ ಇನ್ನೂ ಉಳಿದಿರುವ ಓಲೆಗರಿ, ಹಸ್ತಪ್ರತಿಗಳ ಕಟ್ಟುಗಳನ್ನು ಈ ವರ್ಷವೇ ಬಿಚ್ಚಿಸಿ. ಬಲ್ಲವರನ್ನು ಕರೆಸಿ ಪಟ್ಟಿ ಮಾಡಿಸಿ, ಫೋಟೋ ತೆಗೆಸಿ, ಯಾರು ಕೇಳಿದರೂ ಓದಲು ಕೊಡಿ. ಕಟ್ಟಿಗೆ ಹೂವೇರಿಸುವುದಾದರೆ ಓದಿ ಮುಗಿಸಿ ಏರಿಸೋಣ.

ಪ್ರವಚನದ ಕೊನೆಯಲ್ಲಿ ಅರ್ಧ ತಾಸು ಪ್ರಶ್ನೆಗಳಿಗಿರಲಿ. ಮೊದಲ ಪ್ರಶ್ನೆ ಕೇಳುವ ಅವಕಾಶ ಒಬ್ಬ ಹುಡುಗಿಯದಾಗಿರಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಪೀಠ ಅದರಿಂದ ಚಿಕ್ಕದಾಗುವುದಿಲ್ಲ.

18 ತುಂಬದ ಹುಡುಗಿಯ ಮದುವೆಗೆ ಯಾವ ಸ್ವಾಮಿಗಳೂ, ಯಾವ ಅಯ್ಯನವರೂ ಕಾಲಿಡಬಾರದು. ಆಶೀರ್ವಾದ ಬೇಡಿ ಬಂದ ತಂದೆಯನ್ನು ಮೊದಲು ಮಗಳು ಎಷ್ಟನೆಯತ್ತೆ ಓದಿದ್ದಾಳೆ ಎಂದು ಕೇಳಬೇಕು.

ಶರಣರ ಹೆಸರಿಟ್ಟುಕೊಂಡ ಪ್ರತಿ ಸಂಸ್ಥೆಯೂ ಬಡಮಕ್ಕಳಿಗೆ ಎಷ್ಟು ಸೀಟು ಉಚಿತವಾಗಿ ಕೊಟ್ಟಿತು ಎಂಬುದನ್ನು ವರ್ಷಕ್ಕೊಮ್ಮೆ ಬಾಗಿಲ ಮೇಲೆ ಬರೆದು ಹಾಕಲಿ. ಬರೆಯಲು ನಾಚಿಕೆಯಾದರೆ ಶರಣರ ಹೆಸರಿನ ಫಲಕ ಇಳಿಸಲಿ.

ಪುಸ್ತಕವೊಂದನ್ನು ಖಂಡಿಸುವ ಸಭೆ ಕರೆಯುವ ಮೊದಲು, ಆ ಪುಸ್ತಕವನ್ನು ಪೂರ್ತಿ ಓದಿದವರು ಮಾತ್ರ ವೇದಿಕೆ ಹತ್ತಲಿ.

ಕೊನೆಯದು ನನ್ನ ಲೆಕ್ಕ. ಪ್ರವಚನದ ಮರುವಾರ ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ತಂದೆ ಎತ್ತಿನ ಕೊಟ್ಟಿಗೆಯ ಮುಂದೆ ಕೂತಿದ್ದ. ಮಗಳು ಏನೋ ತಪ್ಪು ಮಾಡಿದಳೆಂದು ಹೇಳಲು ಬಂದೆನೆಂದು ತಿಳಿದು, "ತಪ್ಪಾತ್ರೀ ಸರ್, ಹುಡುಗಿ ಸಣ್ಣದು" ಎಂದು ಕೈಮುಗಿದ. ತಪ್ಪು ನನ್ನದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅಂದು ನಾನು ಎದ್ದು ನಿಲ್ಲಬೇಕಿತ್ತವ್ವ, ನಿಲ್ಲಲಿಲ್ಲ, ಎಂದು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರಲಿ ಸರ್, ನನ್ನ ಪ್ರಶ್ನೆಗೆ ಉತ್ತರ ಏನ್ರೀ?" ಎಂದಳು.

ನನಗೆ ತಿಳಿದಷ್ಟು ಹೇಳಿದೆ. ಶರಣರ ಮಾತು ಒಂದು, ನಮ್ಮ ನಡೆ ಇನ್ನೊಂದು. ಈ ನಡುವಿನ ಅಂತರಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ನಿಮ್ಮಪ್ಪನಂಥ, ನನ್ನಂಥ ದೊಡ್ಡವರ ಅಂಜಿಕೆಯಲ್ಲಿದೆ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ವಚನಗಳನ್ನು ತಾನೇ ಓದಿ ನೋಡುತ್ತೇನೆ, ಸಂಪುಟ ಇದ್ದರೆ ಕೊಡಿ ಎಂದಳು. ನನ್ನ ಅಕ್ಕ ಕೂಡಿಸಿ ಕೂಡಿಸಿ ಓದುತ್ತಿದ್ದ ಪ್ರತಿಯನ್ನೇ ಕೊಟ್ಟು ಬಂದೆ. ಪುಟಗಳ ಅಂಚಿನಲ್ಲಿ ಅಕ್ಕನ ಬೆರಳಿನ ಮಸಿ ಹಾಗೆಯೇ ಇದೆ.

ಮುಂದಿನ ಶ್ರಾವಣಕ್ಕೆ ಅವಳು ಮತ್ತೆ ಎದ್ದು ನಿಲ್ಲುತ್ತಾಳೆ. ಈ ಸಲ ಅವಳು ಓದಿಕೊಂಡು ಬಂದಿರುತ್ತಾಳೆ. ಪೂಜ್ಯರೇ, ಹಿರಿಯರೇ, ನಮ್ಮಲ್ಲಿ ಉತ್ತರ ಸಿದ್ಧವಿರಲಿ. ಉತ್ತರ ಇಲ್ಲದಿದ್ದರೂ ಅವಳನ್ನು ಕೂಡಿಸುವ ಮಾತು ಯಾರ ಬಾಯಿಂದಲೂ ಬಾರದಿರಲಿ. ಬಂದರೆ, ಎರಡನೆಯ ಸಾಲಿನಿಂದ ನಾನು ಎದ್ದು ನಿಲ್ಲುತ್ತೇನೆ. ನೀವೂ ಎದ್ದು ನಿಲ್ಲಿ.